ಗೋಡೆ ಕಾಯುವ ಹೊತ್ತು

ಏಪ್ರಿಲ್ ಬಂತೆಂದರೆ ಅಮ್ಮ ರಾತ್ರಿ ಮಲಗುವ ಮುಂಚೆ ಕೋಣೆಯ ಪಡುವಣ ಗೋಡೆಗೆ ಅಂಗೈ ಇಟ್ಟು ನೋಡುತ್ತಿದ್ದರು. ಮೈಸೂರಿನ ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ತಂಗಾಳಿ. "ಹೊರಗೆ ತಣ್ಣಗಾಯ್ತು, ಇದ್ಯಾಕೆ ಇನ್ನೂ ಕಾದಿದೆ?" ಎನ್ನುವರು. ಕಟ್ಟಡಗಳ ಶಾಖ ಅಳೆಯುವುದು ನನ್ನ ಕೆಲಸ. ಒಂದು ಬೇಸಿಗೆ ಉಪಕರಣಗಳನ್ನು ಮನೆಗೇ ತಂದೆ.

ಮುಖ್ಯ ಉಪಕರಣ ಅಂಗೈಯಗಲದ ತೆಳು ತಟ್ಟೆ. ನಡುವೆ ಗಾಳಿ ಉಳಿಯದಂತೆ ಪೇಸ್ಟ್ ಸವರಿ ಅದನ್ನು ಗೋಡೆಯ ಒಳಮೈಗೆ ಅಂಟಿಸಬೇಕು. ಒಂದು ಚದರ ಮೀಟರಿನಲ್ಲಿ ಎಷ್ಟು ವಾಟ್ ಶಾಖ ಹಾಯುತ್ತಿದೆ ಎಂದು ಅದು ಹೇಳುತ್ತದೆ. ಒಳಗೊಂದು, ಹೊರಗೊಂದು ಉಷ್ಣಮಾಪಕ ಇಟ್ಟು, ಆ ಹರಿವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿದರೆ ಸಿಗುವುದೇ ಯು-ಮೌಲ್ಯ. ಅದು ಕಡಿಮೆಯಾದಷ್ಟೂ ಗೋಡೆ ಶಾಖವನ್ನು ಹೆಚ್ಚು ತಡೆಯುತ್ತದೆ. ಲೆಕ್ಕದ ಪ್ರಕಾರ 9 ಅಂಗುಲದ ಸುಟ್ಟ ಇಟ್ಟಿಗೆ ಗೋಡೆಗೆ ಸುಮಾರು 2, 6 ಅಂಗುಲದ ಕಾಂಕ್ರೀಟಿಗೆ 3ಕ್ಕೂ ಹೆಚ್ಚು, 8 ಅಂಗುಲದ ಹಗುರ ಎಎಸಿ (ಗಾಳಿಗುಳ್ಳೆ ತುಂಬಿದ ಕಾಂಕ್ರೀಟ್) ಬ್ಲಾಕಿಗೆ 1ಕ್ಕಿಂತ ಕಡಿಮೆ. ಆದರೆ ಗೋಡೆ ತೇವ ಹೀರಿದ್ದರೆ ಕಾಗದದ ಲೆಕ್ಕ ತಪ್ಪುತ್ತದೆ. ಸ್ಥಳದಲ್ಲೇ ಅಳೆಯುವುದು ಅದಕ್ಕಾಗಿ.

ಐಎಸ್‌ಒ 9869 ಮಾನದಂಡದಂತೆ ಕನಿಷ್ಠ 72 ಗಂಟೆ ಅಳೆಯಬೇಕು. ಈ ವಿಧಾನ ಚಳಿದೇಶಗಳಿಗೆ ಚೆನ್ನಾಗಿ ಹೊಂದುತ್ತದೆ: ಒಳಗೆ ಸದಾ ಬೆಚ್ಚಗೆ, ಹೊರಗೆ ಸದಾ ತಣ್ಣಗೆ, ಶಾಖ ಒಂದೇ ದಿಕ್ಕಿಗೆ ಹರಿಯುತ್ತದೆ. ಮೈಸೂರಿನ ಬೇಸಿಗೆಯಲ್ಲಿ ಮಧ್ಯಾಹ್ನ 35 ಡಿಗ್ರಿಯ ಆಸುಪಾಸು, ಬೆಳಗಿನ ಜಾವ 22ರ ಆಸುಪಾಸು. ಶಾಖ ಒಳಗೂ ಬರುತ್ತದೆ, ಹೊರಗೂ ಹೋಗುತ್ತದೆ. ಮೂರು ದಿನದ ಸರಾಸರಿ ತೆಗೆದರೆ ಒಳಹೊರಗಿನ ವ್ಯತ್ಯಾಸ ಸೊನ್ನೆಯ ಹತ್ತಿರ ಬಂದುಬಿಡುತ್ತದೆ. ಅದರಿಂದ ಭಾಗಿಸಿದ ಅಂಕಿಯನ್ನು ನಂಬುವಂತಿಲ್ಲ. ಆದ್ದರಿಂದ ನೇರ ಬಿಸಿಲು ಬೀಳದ ಗೋಡೆ ಆರಿಸಿ, ಹಗಲೂ ರಾತ್ರಿ ಎಸಿ ಹಾಕಿ ಕೋಣೆಯನ್ನು ತಣ್ಣಗಿಟ್ಟು ಅಳೆಯುತ್ತೇವೆ.

ಅಮ್ಮನ ಪ್ರಶ್ನೆಗೆ ಉತ್ತರ ಮಾತ್ರ ಆ ಅಂಕಿಯಲ್ಲಿರಲಿಲ್ಲ. ತಟ್ಟೆಯನ್ನು ಪಡುವಣ ಗೋಡೆಗೆ ಬದಲಿಸಿ, ಎಷ್ಟು ಎನ್ನುವುದನ್ನು ಬಿಟ್ಟು ಯಾವಾಗ ಎಂದು ನೋಡಿದೆ. ನಮ್ಮದರಂಥ 9 ಅಂಗುಲದ ಇಟ್ಟಿಗೆ ಗೋಡೆಯನ್ನು ಕಾವು ದಾಟಲು ಆರೇಳು ಗಂಟೆ ಬೇಕು. ಮೂರು ಗಂಟೆಯ ಬಿಸಿಲು ಒಳಗೆ ಬರುವುದು ರಾತ್ರಿ ಒಂಬತ್ತು, ಹತ್ತಕ್ಕೆ, ಸರಿಯಾಗಿ ಹಾಸಿಗೆ ಹಾಸುವ ಹೊತ್ತಿಗೆ. ಹಳೆಯ ತೊಟ್ಟಿಮನೆಗಳ ಒಂದೂವರೆ ಅಡಿ ಮಣ್ಣಿನ ಗೋಡೆಯನ್ನು ದಾಟುವಷ್ಟರಲ್ಲಿ ಬೆಳಗಾಗುತ್ತದೆ, ಕಾವೂ ಸೊರಗಿರುತ್ತದೆ.

ಇದು ತಿಳಿದ ಮೇಲೆ ಮಾಡಬೇಕಾದ್ದೂ ಹೊಳೆಯಿತು. ರಾತ್ರಿ ಕೋಣೆ ತಂಪು ಮಾಡುವುದಕ್ಕಿಂತ ಮಧ್ಯಾಹ್ನ ಗೋಡೆಗೆ ಬಿಸಿಲು ತಾಗದಂತೆ ನೋಡಿಕೊಳ್ಳಬೇಕು. ಪಡುವಣ ಗೋಡೆಯ ಹೊರಗೆ, ಒಂದಡಿ ಬಿಟ್ಟು, ಬಿದಿರು ಕಟ್ಟಿ ತೊಂಡೆ ಬಳ್ಳಿ ಹಬ್ಬಿಸಿದೆವು.

ಎಸಿ ಕೊಳ್ಳುವ ಮುನ್ನ ನೀವೂ ನಿಮ್ಮ ಪಡುವಣ ಗೋಡೆಗೆ ಮಧ್ಯಾಹ್ನ ಮೂರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಒಳಗಿನಿಂದ ಅಂಗೈ ಇಟ್ಟು ನೋಡಿ. ಅಮ್ಮನ ಅಂಗೈಗೆ ಗೊತ್ತಿದ್ದುದನ್ನೇ ನನ್ನ ತಟ್ಟೆ ಗಂಟೆ ಹಿಡಿದು ಹೇಳಿತು.