ವೈನ್ ಬಲ್ಲ ನಾಲಿಗೆ

ಜೋಸೆಫ್ ಧಫಾನಾ ಜಿಂಬಾಬ್ವೆ ಬಿಟ್ಟ ಹೊತ್ತಿಗೆ ಅಲ್ಲಿ ದುಡ್ಡಿಗೆ ಬೆಲೆಯೇ ಇರಲಿಲ್ಲ. 2009ರ ಜನವರಿಯಲ್ಲಿ ಆ ದೇಶದ ರಿಸರ್ವ್ ಬ್ಯಾಂಕು 100 ಲಕ್ಷ ಕೋಟಿ ಡಾಲರಿನ ನೋಟನ್ನೇ ಹೊರತಂದಿತ್ತು. ಗೂಡ್ಸ್ ರೈಲಿನ ಕಂಟೇನರಿನಲ್ಲಿ ಉಸಿರು ಬಿಗಿಹಿಡಿದು ದಕ್ಷಿಣ ಆಫ್ರಿಕಾ ಸೇರಿದ ಜೋಸೆಫ್ ಮತ್ತು ಅವರ ಪತ್ನಿಗೆ ಜೊಹಾನ್ಸ್‌ಬರ್ಗ್‌ನ ಸೆಂಟ್ರಲ್ ಮೆಥೊಡಿಸ್ಟ್ ಚರ್ಚಿನಲ್ಲಿ ಆಸರೆ ಸಿಕ್ಕಿತು. ಅಲ್ಲಿಂದ ದ್ರಾಕ್ಷಿತೋಟಗಳ ಸೀಮೆಯಾದ ರೀಬೀಕ್ ಕಾಸ್ಟೀಲ್‌ಗೆ ಹೋದರು. ಒಂದು ರೆಸ್ಟೊರೆಂಟಿನ ಕೈತೋಟದಲ್ಲಿ ಕೆಲಸ. ಆಮೇಲೆ ತಟ್ಟೆ ತೊಳೆಯುವುದು, ಬಾರ್, ಬಡಿಸುವುದು. ಅವರು ಮೊದಲ ಸಲ ವೈನ್ ರುಚಿ ನೋಡಿದ್ದೂ ಅದೇ ಊರಿನಲ್ಲಿ. ಕೆಲವೇ ವರ್ಷಗಳಲ್ಲಿ ಅವರು ಕೇಪ್‌ಟೌನ್‌ನ ಹೆಸರಾಂತ ರೆಸ್ಟೊರೆಂಟ್ ‘ಲಾ ಕೊಲೊಂಬ್’ನ ಮುಖ್ಯ ಸೊಮೆಲಿಯೇ.

ದೊಡ್ಡ ರೆಸ್ಟೊರೆಂಟುಗಳಲ್ಲಿ ವೈನ್ ಆರಿಸಿ ಕೊಳ್ಳುವುದು, 12–14 ಡಿಗ್ರಿಯ ತಂಪಿನಲ್ಲಿ ಕಾಪಾಡುವುದು, ಊಟಕ್ಕೆ ಹೊಂದುವ ಬಾಟಲಿಯನ್ನು ಸೂಚಿಸುವುದು ಎಲ್ಲವೂ ಸೊಮೆಲಿಯೇಯ ಹೊಣೆ. ವೈನ್ ಅಂಗಡಿಗಳೂ ಇವರನ್ನು ನೇಮಿಸಿಕೊಳ್ಳುತ್ತವೆ. ಅಲ್ಲಿ ಗಿರಾಕಿ ನಿಲ್ಲುವುದು ಎರಡು ನಿಮಿಷ. ಅಷ್ಟರಲ್ಲೇ ಅವರ ಜೇಬು, ಮನೆಯ ಅಡುಗೆ ಎರಡನ್ನೂ ಅರಿತು ಬಾಟಲಿ ಕೈಗಿಡಬೇಕು.

ಕಣ್ಣಿಗೆ ಲೇಬಲ್ ಕಾಣದ ‘ಬ್ಲೈಂಡ್ ಟೇಸ್ಟಿಂಗ್’ ಇವರಿಗೆ ನಿಜವಾದ ಪರೀಕ್ಷೆ. ಬಿಳಿ ಬಟ್ಟೆಯ ಮೇಲೆ ಗ್ಲಾಸನ್ನು ವಾಲಿಸಿ ಅಂಚಿನ ಬಣ್ಣ ನೋಡುತ್ತಾರೆ. ಕೆಂಪು ವೈನಿನ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ ಎಂದರ್ಥ. ಗ್ಲಾಸ್ ತಿರುಗಿಸಿ, ಮೂಗನ್ನು ಒಳಗಿಟ್ಟು ಮೂಸುತ್ತಾರೆ. ಒಂದು ಗುಟುಕು ಬಾಯಲ್ಲಿ ಆಡಿಸಿದಾಗ ಬಾಯಿ ನೀರೂರಿದರೆ ಹುಳಿ ಹೆಚ್ಚು; ಎಳೆ ಅಡಿಕೆ ಅಗಿದಂತೆ ವಸಡು ಒಗರಾದರೆ ಟ್ಯಾನಿನ್ ಹೆಚ್ಚು. ಕೊನೆಗೆ ಉಗಿದುಬಿಡುತ್ತಾರೆ, ನುಂಗಿದರೆ ಮುಂದಿನ ಗ್ಲಾಸಿಗೆ ನಾಲಿಗೆ ಚುರುಕಾಗಿರುವುದಿಲ್ಲ. ‘ಮಾಸ್ಟರ್ ಸೊಮೆಲಿಯೇ’ ಪರೀಕ್ಷೆಯಲ್ಲಿ 25 ನಿಮಿಷದೊಳಗೆ ಆರು ವೈನ್‌ಗಳನ್ನು ಹೀಗೆ ಗುರುತಿಸಬೇಕು. 1969ರಲ್ಲಿ ಲಂಡನ್ನಿನಲ್ಲಿ ಶುರುವಾದ ಈ ಪರೀಕ್ಷೆ ಗೆದ್ದವರು ಜಗತ್ತಿನಲ್ಲಿ 300 ಮಂದಿಯೂ ಇಲ್ಲ.

ಪುಸ್ತಕಗಳು ಹೇಳುವ ಯುರೋಪಿನ ಹಣ್ಣುಗಳ ಪರಿಮಳ ಜಿಂಬಾಬ್ವೆಯ ಹಳ್ಳಿಯಲ್ಲಿ ಬೆಳೆದ ಜೋಸೆಫ್ ಅಂಥವರಿಗೆ ಎಲ್ಲಿಂದ ಬರಬೇಕು? ಅವರು ತಮ್ಮ ಕಾಡುಹಣ್ಣುಗಳ ನೆನಪಿನಿಂದಲೇ ದಾರಿ ಹುಡುಕಿಕೊಂಡರು. ನೇರಳೆ, ಮುರುಗಲು, ಹುಣಸೆ ತಿಂದು ಬೆಳೆದ ನಮ್ಮ ಹುಡುಗ ಹುಡುಗಿಯರ ನಾಲಿಗೆಗೂ ಇಂಥದೇ ಬಂಡವಾಳವಿದೆ.

2017ರಲ್ಲಿ ಜೋಸೆಫ್, ಟಿನಾಶೆ ನ್ಯಾಮುಡೋಕ, ಮಾರ್ಲ್ವಿನ್ ಗ್ವೆಸೆ, ಪಾರ್ಡನ್ ಟಗುಜು ಜಿಂಬಾಬ್ವೆಯ ತಂಡವಾಗಿ ಫ್ರಾನ್ಸಿನ ಬರ್ಗಂಡಿಗೆ ವಿಶ್ವ ಬ್ಲೈಂಡ್ ಟೇಸ್ಟಿಂಗ್ ಸ್ಪರ್ಧೆಗೆ ಹೋದರು. ನಾಲ್ವರೂ ದಕ್ಷಿಣ ಆಫ್ರಿಕಾಕ್ಕೆ ವಲಸೆ ಬಂದು ಈ ವೃತ್ತಿಯಲ್ಲಿ ಬೆಳೆದವರೇ. ಪ್ರಯಾಣದ ಖರ್ಚನ್ನು ವೈನ್ ಪ್ರಿಯರು ಚಂದಾ ಎತ್ತಿ ಕೊಟ್ಟರು. ಆರು ಬಿಳಿ, ಆರು ಕೆಂಪು ವೈನ್; ದ್ರಾಕ್ಷಿಯ ತಳಿ, ದೇಶ, ಪ್ರದೇಶ, ತಯಾರಕ, ವರ್ಷ ಹೇಳಬೇಕು. 24 ತಂಡಗಳಲ್ಲಿ ಅವರದು 23ನೇ ಸ್ಥಾನ. ಮರುವರ್ಷ ಮತ್ತೆ ಹೋಗಿ 14ನೇ ಸ್ಥಾನಕ್ಕೇರಿದರು. ಇವರ ಕಥೆ 2021ರಲ್ಲಿ ‘ಬ್ಲೈಂಡ್ ಆ್ಯಂಬಿಷನ್’ ಸಾಕ್ಷ್ಯಚಿತ್ರವಾಯಿತು. ಜೋಸೆಫ್ ಈಗ ‘ಮೋಸಿ’, ಟಿನಾಶೆ ‘ಕುಮುಷಾ’ ಹೆಸರಿನ ಸ್ವಂತ ವೈನ್‌ಗಳನ್ನೂ ಮಾರುಕಟ್ಟೆಗೆ ತಂದಿದ್ದಾರೆ.

ಇತ್ತ ನಮ್ಮಲ್ಲೂ ನಂದಿ ಬೆಟ್ಟದ ಬುಡದ ದ್ರಾಕ್ಷಿಯಿಂದ ಗ್ರೋವರ್ ಕುಟುಂಬ ಮೊದಲ ವೈನ್ ತಂದದ್ದು 1992ರಲ್ಲಿ. ಕರ್ನಾಟಕಕ್ಕೆ 2007ರಿಂದ ತನ್ನದೇ ವೈನ್ ನೀತಿ, ವೈನ್ ಮಂಡಳಿ ಇವೆ. ವೈನ್ ವ್ಯಾಪಾರ, ವಿಮರ್ಶೆಯ ಅತಿ ಕಠಿಣ ಪದವಿಯಾದ ‘ಮಾಸ್ಟರ್ ಆಫ್ ವೈನ್’ ಭಾರತಕ್ಕೆ ಒಲಿದದ್ದು 2016ರಲ್ಲಿ, ಸೋನಲ್ ಹಾಲೆಂಡ್ ಅವರ ಮೂಲಕ. ಬಾಟಲಿ, ಗ್ಲಾಸು, ಗಿರಾಕಿ ಎಲ್ಲ ಇರುವ ಬೆಂಗಳೂರಿನ ಹೋಟೆಲ್ ಮಾಲೀಕರಲ್ಲಿ ಒಂದೇ ಕೋರಿಕೆ: ಬಡಿಸುವ, ತಟ್ಟೆ ತೊಳೆಯುವ ಹುಡುಗರಲ್ಲಿ ಆಸಕ್ತಿ ಕಂಡರೆ ಅವರಿಗೂ ಒಂದು ಗುಟುಕು ರುಚಿ ತೋರಿಸಿ, ಓದಿಸಿ.