ಹೊಸ ಕಂಪ್ಯೂಟರ್ ಕೊಳ್ಳುವ ಮುನ್ನ ಡಿಸ್ಕ್ ನೋಡಿ

ಮನೆಯ ಹಳೆ ಕಂಪ್ಯೂಟರ್ ತೆವಳುತ್ತಿದೆಯೇ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು ಬಿಡುವಾಗಿದ್ದು ಡಿಸ್ಕ್ ಮಾತ್ರ ಸದಾ 100% ತೋರಿಸುತ್ತಿದ್ದರೆ, ತಪ್ಪು ಪ್ರೊಸೆಸರಿನದಲ್ಲ. ಅದು ಹಾರ್ಡ್ ಡಿಸ್ಕಿಗಾಗಿ ಕಾಯುತ್ತಿದೆ. ನಿಮಿಷಕ್ಕೆ ಸಾಮಾನ್ಯವಾಗಿ 5400 ಇಲ್ಲವೇ 7200 ಸುತ್ತು ತಿರುಗುವ ತಟ್ಟೆಯಲ್ಲಿ ಒಂದೊಂದು ಕಡತವನ್ನೂ ಹುಡುಕಿ ಓದಬೇಕು. ಹಾರ್ಡ್ ಡಿಸ್ಕಿನ ಬದಲು ಹಾಕಬಹುದಾದ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಹುಡುಕಾಟ ಬೇಗ ಮುಗಿಯುತ್ತದೆ. ವಿಂಡೋಸ್ ಶುರುವಾಗುವಾಗ ಅಸಂಖ್ಯ ಸಣ್ಣ ಕಡತಗಳನ್ನು ಓದುವುದರಿಂದ ಈ ವ್ಯತ್ಯಾಸ ಅಲ್ಲೇ ಎದ್ದು ಕಾಣುತ್ತದೆ.

ಸ್ಟಾರ್ಟಪ್ ಆಪ್‌ಗಳನ್ನು ನಿಲ್ಲಿಸಿದರೆ ಸಾಲದೇ ಎನ್ನಬಹುದು. ಖರ್ಚಿಲ್ಲದ ಕೆಲಸ, ಮೊದಲು ಅದನ್ನೇ ಮಾಡಿ. ಆದರೆ ಅದರಿಂದ ಡಿಸ್ಕಿನ ಹೊರೆ ಇಳಿಯುತ್ತದೆಯೇ ಹೊರತು ಡಿಸ್ಕಿನ ವೇಗ ಹೆಚ್ಚುವುದಿಲ್ಲ. ಡಿಸ್ಕ್ ಬದಲಿಸಿದರೆ ಫೋಟೊ, ದಾಖಲೆಗಳು ಹೋದಾವೆಂಬ ಭಯವಂತೂ ನ್ಯಾಯವಾದದ್ದೇ. ಹಳೆ ಡಿಸ್ಕಿನಲ್ಲಿರುವುದನ್ನೆಲ್ಲ ಎಸ್‌ಎಸ್‌ಡಿಗೆ ಕ್ಲೋನ್ ಮಾಡಲು ಸಾಧ್ಯ. ಆದರೂ ಬ್ಯಾಕಪ್ ತೆಗೆದ ಮೇಲಷ್ಟೇ ಕಂಪ್ಯೂಟರನ್ನು ರಿಪೇರಿಯವರ ಕೈಗೆ ಕೊಡಿ.