ಇ-ಇನ್‌ವಾಯ್ಸ್ ತಂತ್ರಾಂಶ ನಿಂತಾಗ: ವರ್ತಕರು ಗಮನಿಸಬೇಕಾದ ಮೂರು ಲಕ್ಷಣಗಳು

2017-18ರಿಂದೀಚೆಗೆ ಯಾವುದಾದರೊಂದು ವರ್ಷ 5 ಕೋಟಿ ರೂಪಾಯಿ ವಹಿವಾಟು ಮೀರಿದ ವರ್ತಕರು, ಕೆಲವು ವಿನಾಯಿತಿಗಳ ಹೊರತು, ನೋಂದಾಯಿತ ಖರೀದಿದಾರರಿಗೆ ಮಾರುವ ತೆರಿಗೆಯುಕ್ತ ಸರಕಿಗೆ ಇ-ಇನ್‌ವಾಯ್ಸ್ ಪಡೆಯುವುದು 2023ರ ಆಗಸ್ಟ್ 1ರಿಂದ ಕಡ್ಡಾಯವಾಗಿದೆ. ನೋಂದಣಿ ಸಂಖ್ಯೆಯಿಲ್ಲದ ಬಿಲ್ಲು ನಿಯಮದ ಪ್ರಕಾರ ಬಿಲ್ಲೇ ಅಲ್ಲ. ಹೀಗಾಗಿ ತಂತ್ರಾಂಶ ನಿಂತರೆ ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಾಗಲಿ ಲಾರಿ ಗೋದಾಮಿನಲ್ಲಿಯೇ ನಿಲ್ಲುತ್ತದೆ.

ನಮ್ಮ ತಂತ್ರಾಂಶವು ವೆಬ್ ಸರ್ವೀಸ್ ಮೂಲಕ ಸರ್ಕಾರಿ ಪೋರ್ಟಲಿನೊಡನೆ ವ್ಯವಹರಿಸುತ್ತದೆ. ಅದರ ಒಂದೊಂದು ಭಾಗಕ್ಕೂ ಬೇಕಾದ ಸಾಧನಗಳನ್ನು ಹೊರಗಿನಿಂದ ಒದಗಿಸುವ ಪದ್ಧತಿಗೆ ಡಿಪೆಂಡೆನ್ಸಿ ಇಂಜೆಕ್ಷನ್ ಎನ್ನುತ್ತಾರೆ. ಅಂಗಡಿಯ ಗುಮಾಸ್ತ ತಕ್ಕಡಿ, ಕೀಲಿಕೈ, ಮುದ್ರೆಗಳನ್ನು ತಾನೇ ತರುವುದಿಲ್ಲ, ಮಾಲೀಕರೇ ಕೊಡುತ್ತಾರೆ. ಕೊಡುವಲ್ಲಿ ತಪ್ಪಿದರೆ ಕೆಲಸ ಕೆಡುತ್ತದೆ.

ಮೊದಲನೆಯದು, ತಂತ್ರಾಂಶ ನವೀಕರಿಸಿದ ಕೂಡಲೇ ಬರುವ ದೋಷ. ಅಗತ್ಯವಾದ ಭಾಗವನ್ನು ಪಟ್ಟಿಯಲ್ಲಿ ನೋಂದಾಯಿಸಲು ಮರೆತಿರುತ್ತಾರೆ. ಯಾವ ಭಾಗ ಸಿಗಲಿಲ್ಲವೆಂಬುದು ಸಾಮಾನ್ಯವಾಗಿ ದೋಷಸಂದೇಶದಲ್ಲಿಯೇ ಇರುತ್ತದೆ. ಅದನ್ನು ಮುಚ್ಚುವ ಮೊದಲು ಫೋಟೋ ತೆಗೆದಿಡಿ.

ಎರಡನೆಯದು, ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಕೆಡುವುದು. ಪೋರ್ಟಲ್ ನೀಡುವ ಟೋಕನ್ 6 ಗಂಟೆ ಮಾತ್ರ ಊರ್ಜಿತ. ಅದೂ ಒಂದೇ ಜಿಎಸ್‌ಟಿ ಸಂಖ್ಯೆಗೆ. ಒಮ್ಮೆ ಪಡೆದ ಟೋಕನನ್ನೇ ತಂತ್ರಾಂಶ ಹಿಡಿದಿಟ್ಟುಕೊಂಡರೆ ಅವಧಿ ಮುಗಿಯುತ್ತದೆ. ಅಣ್ಣನ ಪೇಢಿಯ ಟೋಕನಿನಲ್ಲಿ ತಮ್ಮನ ಪೇಢಿಯ ಬಿಲ್ಲು ಹೋಗಿ ತಿರಸ್ಕೃತವಾಗುತ್ತದೆ. ಕಂಪ್ಯೂಟರ್ ಆರಿಸಿ ಹಚ್ಚಿದರೆ ತಾತ್ಕಾಲಿಕವಾಗಿ ಸರಿಹೋಗುವುದೇ ಇದರ ಗುರುತು. ಪೇಢಿಗೊಂದು ಟೋಕನ್, ಅವಧಿ ಮುಗಿಯುವ ಮುನ್ನ ಹೊಸದು, ಇದೇ ಪರಿಹಾರ.

ಮೂರನೆಯದು ಅತ್ಯಂತ ಅಪಾಯಕಾರಿ, ಏಕೆಂದರೆ ದೋಷವೇ ಕಾಣುವುದಿಲ್ಲ. ಪರೀಕ್ಷಾ ಪೋರ್ಟಲಿನ ವಿಳಾಸವೇ ಉಳಿದುಬಿಟ್ಟರೆ ಸಂಖ್ಯೆ ಬರುತ್ತದೆ, ಕ್ಯೂಆರ್ ಕೋಡ್ ಮುದ್ರಣವಾಗುತ್ತದೆ. ಆದರೆ ನಿಜವಾದ ಪೋರ್ಟಲಿನಲ್ಲಿ ಬಿಲ್ಲು ಇರುವುದಿಲ್ಲ. ಖರೀದಿದಾರರ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ಗೂ ತೊಡಕಾಗುತ್ತದೆ. ಅಳವಡಿಸಿದ ದಿನವೇ ಒಂದು ಬಿಲ್ಲನ್ನು ಪೋರ್ಟಲಿನಲ್ಲಿ ಹುಡುಕಿ ಖಚಿತಪಡಿಸಿಕೊಳ್ಳಿರಿ.

ದುರಸ್ತಿಯಾಗುವವರೆಗೆ ಪೋರ್ಟಲಿನ ಉಚಿತ ಸಾಧನದಿಂದಲೇ ಇ-ಇನ್‌ವಾಯ್ಸ್ ಪಡೆಯಬಹುದು. ಆದರೆ ಗಾಬರಿಯಿಂದ ಅದೇ ಸರಕಿಗೆ ಹೊಸ ಸಂಖ್ಯೆಯ ಬಿಲ್ಲು ಮಾಡಬಾರದು. ಮೊದಲನೆಯದು ದಾಖಲಾಗಿದ್ದರೆ ತೆರಿಗೆ ಹೊಣೆ ಎರಡಾಗುತ್ತದೆ. ಪೋರ್ಟಲಿನಲ್ಲಿ ರದ್ದತಿಗೆ 24 ಗಂಟೆ ಮಾತ್ರ ಅವಕಾಶವಿದೆ. 2025ರ ಏಪ್ರಿಲ್ 1ರಿಂದ 10 ಕೋಟಿ ಮತ್ತು ಅದಕ್ಕೂ ಮೇಲ್ಪಟ್ಟ ವಹಿವಾಟಿನವರು ಬಿಲ್ಲಿನ ದಿನಾಂಕದಿಂದ 30 ದಿನಗಳೊಳಗೆ ದಾಖಲಿಸಲೇಬೇಕು.

ತಂತ್ರಾಂಶದವರಿಗೆ ಫೋನ್ ಮಾಡುವಾಗ "ಕೆಟ್ಟಿದೆ" ಎಂದಷ್ಟೇ ಹೇಳದೆ, ಯಾವಾಗ, ಯಾವ ಪೇಢಿಯ, ಎಷ್ಟನೆಯ ಬಿಲ್ಲಿನಲ್ಲಿ ಕೆಟ್ಟಿತೆಂದು ತಿಳಿಸಿರಿ. ಅರ್ಧ ದುರಸ್ತಿ ಅಲ್ಲಿಯೇ ಆಗಿರುತ್ತದೆ.